ಸಂಗಾತಿ ಅಗಲಿದ ಮೊದಲ ಆರು ತಿಂಗಳು

ಮಯ್ಯಿತ್ ಮನೆಯಲ್ಲಿ ಮೂರು ದಿನ ಜನ ತುಂಬಿರುತ್ತಾರೆ. ನೆರೆಯವರು ಊಟ ತಂದುಕೊಡುತ್ತಾರೆ. ಆಮೇಲೆ ದೂರದ ನೆಂಟರು ಬಸ್ಸು ಹತ್ತುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳ ನಡುವಿನ ಒಂಟಿ ಮನೆಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಉಳಿದವರೊಡನೆ ಮಾತಾಡಲು ಯಾರೂ ಇರುವುದಿಲ್ಲ. ಆರೋಗ್ಯ ಕೆಡುವುದು ಈ ಹೊತ್ತಿನಲ್ಲೇ.

1969ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೆಂಡತಿಯನ್ನು ಕಳೆದುಕೊಂಡ, 55 ವರ್ಷ ಮೀರಿದ 4,486 ಗಂಡಸರ ಪೈಕಿ 213 ಮಂದಿ ಮೊದಲ ಆರು ತಿಂಗಳಲ್ಲೇ ತೀರಿಕೊಂಡಿದ್ದರು. ಅದೇ ವಯಸ್ಸಿನ ವಿವಾಹಿತರಿಗೆ ಹೋಲಿಸಿದರೆ ಇದು ಶೇ. 40ರಷ್ಟು ಹೆಚ್ಚು. ಹೃದ್ರೋಗವೇ ಮುಖ್ಯ ಕಾರಣವಾಗಿತ್ತು. ತೀವ್ರ ಆಘಾತದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗುವ ಸ್ಥಿತಿಯೂ ಇದೆ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ಆದ್ದರಿಂದ ಎದೆನೋವು, ಏದುಸಿರು ಕಂಡರೆ 'ಸಂಕಟಕ್ಕೆ ಹಾಗಾಗಿದೆ' ಎಂದು ಸುಮ್ಮನಿರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ.

ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಗೆ ಹೆರಿಗೆಯವರೆಗೆ. ಈ ಅವಧಿಯಲ್ಲಿ ಅಲಂಕಾರ, ಸುಗಂಧ ಬಿಡಬೇಕು, ಮನೆಯಲ್ಲಿರಬೇಕು, ನಿಜ. ಆದರೆ ಕಿಟಕಿ ಮುಚ್ಚಿದ ಕತ್ತಲ ಕೋಣೆಯಲ್ಲಿ ಕೂರಿಸುವುದನ್ನು ಶರೀಅತ್ ಹೇಳಿಲ್ಲ, ಅದು ನಾವು ಸೇರಿಸಿಕೊಂಡ ರೂಢಿ. ಸ್ನಾನ ಮಾಡಬಹುದು, ಬಟ್ಟೆ ಬದಲಿಸಬಹುದು, ಅಂಗಳದಲ್ಲಿ ಬಿಸಿಲು ಕಾಯಬಹುದು. ಅಗತ್ಯಕ್ಕೆ ಹಗಲಿನಲ್ಲಿ ಹೊರಹೋಗಲು ಹನಫಿ, ಶಾಫಿಈ ಎರಡೂ ಮದ್‌ಹಬ್‌ಗಳಲ್ಲಿ ಅವಕಾಶವಿದೆ. ಚಿಕಿತ್ಸೆಗಿಂತ ದೊಡ್ಡ ಅಗತ್ಯ ಯಾವುದು? ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಇದ್ದತ್ ಮುಗಿಯಲಿ ಎಂದು ಮುಂದೂಡುವುದು ಅಪಾಯ.

ಗಂಡಸಿಗೆ ಇದ್ದತ್ ಇಲ್ಲ, ಹಾಗಾಗಿ ಅವನನ್ನು ಗಮನಿಸುವವರೂ ಇಲ್ಲ. ನಾಲ್ಕನೇ ದಿನ ತೋಟಕ್ಕೋ ಅಂಗಡಿಗೋ ಹೋದರೆ 'ಗಟ್ಟಿ ಮನುಷ್ಯ' ಅನ್ನುತ್ತೇವೆ. ಬೆಳಿಗ್ಗೆಯ ಮಾತ್ರೆ ಯಾವುದು, ರಾತ್ರಿಯದು ಯಾವುದು ಎಂದು ಗೊತ್ತಿದ್ದದ್ದು ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಮಾತ್ರ. ಅವಳು ಹೋದ ವಾರವೇ ಮಾತ್ರೆ ತಪ್ಪುತ್ತದೆ, ಊಟ ಚಹಾ-ಬಿಸ್ಕತ್ತಿಗೆ ಇಳಿಯುತ್ತದೆ. ಮಗನೋ ಸೊಸೆಯೋ ಮೊದಲ ದಿನವೇ ಆ ಮಾತ್ರೆಗಳ ಚೀಟಿ ನೋಡಿ, ಡಬ್ಬಿಯಲ್ಲಿ ಹೊತ್ತಿಗೊಂದರಂತೆ ಬೇರ್ಪಡಿಸಿಡಲಿ. ತೀರಿಹೋದವರ ಉಳಿದ ನಿದ್ರೆ ಮಾತ್ರೆಗಳನ್ನು ಮನೆಯಲ್ಲಿಡಬೇಡಿ.

ನಿದ್ದೆ ಬಾರದಿರುವುದು, ಹಸಿವಿಲ್ಲದಿರುವುದು, ತಟ್ಟನೆ ಅಳು ಬರುವುದು, ಅಗಲಿದವರು ಕರೆದಂತೆ ಕೇಳಿಸುವುದು ಇವೆಲ್ಲ ಆರಂಭದಲ್ಲಿ ಸಹಜ. ಹುಚ್ಚು ಹಿಡಿಯಿತೆಂದು ಹೆದರಬೇಕಿಲ್ಲ, ಅಳುವವರನ್ನು 'ಸಬ್ರ್ ಮಾಡಿ' ಎಂದು ಬಾಯಿ ಮುಚ್ಚಿಸಲೂಬೇಕಿಲ್ಲ. ಪ್ರವಾದಿ(ಸ)ರ ಕಣ್ಣುಗಳೂ ಮಗು ಇಬ್ರಾಹೀಮರ ಮರಣದಲ್ಲಿ ತುಂಬಿದ್ದವು. ಆದರೆ ಆರು ತಿಂಗಳು ಕಳೆದರೂ ದಿನನಿತ್ಯದ ಕೆಲಸ ಸಾಗದಿದ್ದರೆ ವೈದ್ಯರನ್ನು ಕಾಣಬೇಕು. 'ನಾನೂ ಹೋಗಿಬಿಡಬೇಕು' ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು, ಅವರನ್ನು ಒಂಟಿಯಾಗಿ ಬಿಡಲೂಬಾರದು. ತಾಲೂಕು ಆಸ್ಪತ್ರೆಗೆ ಹೋಗಲು ಆಗದ ರಾತ್ರಿ 14416ಕ್ಕೆ ಕರೆ ಮಾಡಿ. ಇದು ಸರಕಾರದ ಟೆಲಿ-ಮಾನಸ್ ಸಹಾಯವಾಣಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.