ನನ್ನ ಅಳತೆಯ ಕುರ್ಚಿ

ಮೊಬೈಲ್‌ನಲ್ಲಿ ಇವತ್ತು ಆರ್ಡರ್ ಮಾಡಿದರೆ ಮೂರ್ನಾಲ್ಕು ದಿನದಲ್ಲಿ ಕುರ್ಚಿ ಮನೆ ಬಾಗಿಲಿಗೆ ಬರುತ್ತದೆ. ನಾಲ್ಕು ಸ್ಕ್ರೂ ತಿರುಗಿಸಿದರೆ ಕೂರಲು ಸಿದ್ಧ. ನಾನು ಕುಳಿತು ಓದುವ ಕುರ್ಚಿ ತಯಾರಾಗಲು ಮಾತ್ರ ಎರಡು ವರ್ಷ ಹಿಡಿಯಿತು. ಅದನ್ನು ಮಾಡಿಕೊಟ್ಟವರು 76 ವರ್ಷದ ನನ್ನ ಅಜ್ಜ.

ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಅಜ್ಜ ಐವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಬಾಗಿಲು, ಕಿಟಕಿ, ನೇಗಿಲು, ತೊಟ್ಟಿಲು ಎಲ್ಲವನ್ನೂ ಮಾಡಿದ್ದಾರೆ. ಆದರೆ ತಮ್ಮ ಮಕ್ಕಳಿಗೆ ಉಳಿ ಮುಟ್ಟಲೂ ಬಿಡಲಿಲ್ಲ. ‘ನನ್ನ ಹಾಗೆ ಮಳೆಗಾಲದಲ್ಲಿ ಕೆಲಸ ಇಲ್ಲದೆ ಕೂರಬಾರದು’ ಎಂದು ಎಲ್ಲರನ್ನೂ ಶಾಲೆಗೆ ಕಳಿಸಿದರು. ಹಾಗಾಗಿ ಅವರ ಉಳಿ, ಕೊಡತಿ, ಬೈರಿಗೆಗಳು ನನಗೆ ರಜೆಯಲ್ಲಿ ಊರಿಗೆ ಹೋದಾಗ ದೂರದಿಂದ ನೋಡುವ ವಸ್ತುಗಳಾಗಿದ್ದವು.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಮಳೆಗಾಲದ ಗಾಳಿಗೆ ಮನೆ ಹಿಂದಿನ ಹಲಸಿನ ಮರ ಬಿತ್ತು. ಅಜ್ಜ ಅದನ್ನು ಮಿಲ್‌ನಲ್ಲಿ ಸೀಳಿಸಿ, ಹಲಗೆಗಳ ನಡುವೆ ಗಾಳಿಯಾಡಲು ಸಣ್ಣ ಪಟ್ಟಿಗಳನ್ನಿಟ್ಟು ಕೊಟ್ಟಿಗೆಯ ಅಟ್ಟದಲ್ಲಿ ಜೋಡಿಸಿದರು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಬಡಗಿಗಳ ಲೆಕ್ಕ. ಕುರ್ಚಿಯ ಕಾಲಿಗೆ ಬೇಕಾದ ಹಲಗೆ 2 ಇಂಚು. ಹಸಿ ಮರದಲ್ಲಿ ಮಾಡಿದರೆ ಒಣಗುತ್ತಾ ಅದು ಅಡ್ಡಡ್ಡಲಾಗಿ ಕುಗ್ಗುತ್ತದೆ, ಸಂದುಗಳು ಬಾಯಿ ಬಿಡುತ್ತವೆ. ವೀಣೆ, ಮೃದಂಗ ಮಾಡುವುದೂ ಹಲಸಿನ ಮರದಿಂದಲೇ. ಹೊಸದಾಗಿ ಕೊಯ್ದಾಗ ಅದರ ಕೆಚ್ಚು ಅರಿಸಿನದಂತೆ ಹಳದಿ. ಬೆಳಕು ಬೀಳುತ್ತಾ, ವರ್ಷ ಕಳೆಯುತ್ತಾ ಕಂದಾಗುತ್ತದೆ.

ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ನಾನು ಊರಿಗೆ ಬಂದಾಗ ಹಲಗೆ ಒಣಗಿತ್ತು. ದಿನಕ್ಕೆ ಎಂಟು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಕಾಲು ಜೋಮು ಹಿಡಿಯುತ್ತಿತ್ತು. ಅದನ್ನು ನೋಡಿದ ಅಜ್ಜ ಒಂದು ಬೆಳಿಗ್ಗೆ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಒಂದು ಕಡ್ಡಿ ಹಿಡಿದು ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗೆ ಅಳೆದರು. ಅಂಗಡಿ ಕುರ್ಚಿಯ ಆಸನ ಸಾಮಾನ್ಯವಾಗಿ ನೆಲದಿಂದ 18 ಇಂಚು ಎತ್ತರದಲ್ಲಿರುತ್ತದೆ. 5 ಅಡಿ ಎತ್ತರದ ನನಗೆ ಬೇಕಾದದ್ದು ಹದಿನೈದೂವರೆ ಇಂಚು. ಪಾದ ನೆಲಕ್ಕೆ ಪೂರ್ತಿ ಊರದಿದ್ದರೆ ಆಸನದ ಅಂಚು ತೊಡೆಯನ್ನು ಒತ್ತುತ್ತದೆ, ಜೋಮು ಹಿಡಿಯುವುದು ಅದಕ್ಕೇ. ಆಸನದ ಅಂಚಿಗೂ ಮಂಡಿಗೂ ನಡುವೆ ಮೂರು ಬೆರಳು ಜಾಗ ಇರಬೇಕೆಂದೂ ಅಜ್ಜ ಹೇಳಿದರು. ಕುರ್ಚಿ ತಗ್ಗಿದರೆ ಮೇಜು ಎತ್ತರವಾಗುತ್ತದಲ್ಲ? ಮೇಜಿನ ಕಾಲುಗಳನ್ನೂ ಎರಡೂವರೆ ಇಂಚು ಕೊಯ್ದರು.

ಅಜ್ಜನ ಕಣ್ಣು ಮಂಜಾಗಿದೆ. ಮರ ನಯವಾಗಿದೆಯೇ ಎಂಬುದು ಅವರ ಬೆರಳಿಗೆ ಗೊತ್ತಾಗುತ್ತದೆ, ಆದರೆ ಪೆನ್ಸಿಲ್ ಗೆರೆ ಕಾಣುವುದಿಲ್ಲ. ಹೀಗಾಗಿ ಮಕ್ಕಳನ್ನು ದೂರವಿಟ್ಟ ಕೆಲಸಕ್ಕೆ ಮೊಮ್ಮಗಳನ್ನು ಕರೆಯಬೇಕಾಯಿತು. ಸಂಜೆ ಎರಡು ಗಂಟೆ ನಾನು ಗೆರೆ ಎಳೆಯುವುದು, ಅವರು ಕೊರೆಯುವುದು.

ಕುರ್ಚಿಯಲ್ಲಿ ಮೊದಲು ಸಡಿಲಾಗುವುದು ಹಿಂಗಾಲಿಗೆ ಪಕ್ಕದ ಅಡ್ಡಪಟ್ಟಿ ಸೇರುವ ಸಂದು. ನಾವು ಹಿಂದಕ್ಕೆ ಒರಗಿದಾಗಲೆಲ್ಲ ಮೈಭಾರ ಅಲ್ಲಿ ಮೀಟುತ್ತದೆ. ಅಲ್ಲಿಗೆ ಅಜ್ಜ ಮೊಳೆ ಹೊಡೆಯಲಿಲ್ಲ. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತಾ ಮೊಳೆಯ ಹಿಡಿತ ತಪ್ಪಿಸುತ್ತದೆ. ಬದಲಿಗೆ ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಕಾಲಿನಲ್ಲಿ ಅಷ್ಟೇ ಅಳತೆಯ ತೂತು ಕೊರೆದು ಬಿಗಿಯಾಗಿ ಕೂರಿಸಿ, ಬಿದಿರಿನ ಗೂಟ ಹಾಕಿದರು. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಭಾಗ ಇರಬೇಕು; ಹೆಚ್ಚಾದರೆ ತೂತಿನ ಗೋಡೆ ಸೊರಗುತ್ತದೆ, ಕಡಿಮೆಯಾದರೆ ನಾಲಿಗೆ ಮುರಿಯುತ್ತದೆ. ಏಳು ತೂತು ಅವರು ಕೊರೆದರು. ಎಂಟನೆಯದಕ್ಕೆ ಉಳಿಯನ್ನು ನನ್ನ ಕೈಗೆ ಕೊಟ್ಟರು. ಅವರಿಗೆ ಅರ್ಧ ಗಂಟೆಯ ಕೆಲಸ, ನನಗೆ ಎರಡು ಸಂಜೆ ಬೇಕಾಯಿತು.

ಆಸನಕ್ಕೆ ಬೆತ್ತ ಹೆಣೆದೆವು. ನೀರಿನಲ್ಲಿ ನೆನೆಸಿ ಹೆಣೆದರೆ ಒಣಗುತ್ತಾ ತಾನೇ ಬಿಗಿಯಾಗುತ್ತದೆ. ಕೊನೆಗೆ ಅಗಸೆ ಎಣ್ಣೆ ಒರೆಸಿದೆವು. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ಹೊರಗೆ ಹರಡಿ ಒಣಗಿಸಿದರು.

ಇದನ್ನೆಲ್ಲ ಕಂಡು ಉತ್ಸಾಹದಿಂದ ‘ಇದನ್ನೇ ಉದ್ಯೋಗ ಮಾಡಿಕೊಂಡರೆ ಹೇಗೆ?’ ಎಂದೆ. ಅಜ್ಜ ನಕ್ಕರು. ‘ಈ ಕುರ್ಚಿ ಮಾರೋಕೆ ಮಾಡಿದ್ರೆ ನನಗೆ ಕೂಲಿನೂ ಗಿಟ್ಟಲ್ಲ. ಓದು ಬಿಡಬೇಡ. ಆದ್ರೆ ಕೈಗೆ ಕಲಿಸಿದ್ದು ತಲೆಗೆ ಭಾರ ಆಗಲ್ಲ’ ಎಂದರು. ಅವರ ಮಾತು ನಿಜ. ಆದರೂ ದಾರಿಗಳು ಪೂರ್ತಿ ಮುಚ್ಚಿಲ್ಲ. ಐಟಿಐಗಳಲ್ಲಿ ಮರಗೆಲಸ ಕಲಿಸುವ ಟ್ರೇಡ್ ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಈಗಾಗಲೇ ಕಸುಬಿನಲ್ಲಿರುವವರಿಗೆ ತರಬೇತಿಯ ವೇಳೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಅದರಲ್ಲಿದೆ.

ಕೆಲಸ ಹುಡುಕುತ್ತಿರುವ ನಮ್ಮಂಥವರ ಮನೆಗಳಲ್ಲಿ ಇಂಥ ಕೈಗಳು ಇನ್ನೂ ಇವೆ. ನೇಯುವವರು, ಹೊಲಿಯುವವರು, ಬುಟ್ಟಿ ಹೆಣೆಯುವವರು. ನಮ್ಮ ರೆಸ್ಯೂಮೆಗೆ ಅದು ಒಂದು ಸಾಲನ್ನೂ ಸೇರಿಸದಿರಬಹುದು. ಆದರೆ ಅವರ ಕಣ್ಣು ಮಂಜಾದ ಮೇಲೆ ಗೆರೆ ಎಳೆಯಲಾದರೂ ಯಾರಾದರೂ ಪಕ್ಕದಲ್ಲಿ ಬೇಕು. ಕಲಿಯುವ ಅವಕಾಶವೂ ಅಲ್ಲೇ ಇದೆ.

ಕುರ್ಚಿಯ ಜೊತೆಗೆ ಅಜ್ಜ ಆ ಅಳತೆ ಕಡ್ಡಿಯನ್ನೂ ಕೊಟ್ಟಿದ್ದಾರೆ. ಆಸನದ ಎತ್ತರ, ಅಗಲ, ಒರಗಿನ ಅಳತೆ, ತೂತುಗಳ ಜಾಗ ಎಲ್ಲವೂ ಅದರ ಮೇಲೆ ಗುರುತಾಗಿವೆ. ಟೇಪು, ನಕ್ಷೆ ಇಲ್ಲದಿದ್ದರೂ ಆ ಕಡ್ಡಿ ಇದ್ದರೆ ಇದೇ ಕುರ್ಚಿಯನ್ನು ಮತ್ತೆ ಮಾಡಬಹುದು. ನನ್ನ ತಮ್ಮ 5 ಅಡಿ 9 ಇಂಚು ಇದ್ದಾನೆ, ಅವನಿಗೆ ಬೇರೆಯೇ ಕಡ್ಡಿ ಬೇಕು. ಉಳಿದ ಹಲಗೆ ಅಟ್ಟದಲ್ಲಿದೆ. ಪರೀಕ್ಷೆ ಮುಗಿದ ಮೇಲೆ ಅವನ ಕುರ್ಚಿಯ ಎಂಟೂ ತೂತುಗಳನ್ನು ನಾನೇ ಕೊರೆಯಬೇಕಂತೆ. ಅಜ್ಜ ಬೆರಳಿಟ್ಟು ಮುಟ್ಟಿ ನೋಡುತ್ತಾರಂತೆ.