ಪಾಲಿಗೆ ಬಂದದ್ದು ಪಂಚಾಮೃತ

‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಗಾದೆಯನ್ನು ನಾವು ಆಡುವುದು ಸಾಮಾನ್ಯವಾಗಿ ಆಸೆ ಕೈಗೂಡದೆ ಹೋದಾಗ. ಬಯಸಿದ್ದು ದೊರೆಯಲಿಲ್ಲ, ದೊರೆತದ್ದನ್ನು ಬಯಸಿರಲಿಲ್ಲ. ಆಗ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಈ ಮಾತು ಬಾಯಿಗೆ ಬರುತ್ತದೆ. ಆದರೆ ಪಂಚಾಮೃತವೆಂಬುದು ಮರದಿಂದ ಉದುರುವ ಹಣ್ಣಲ್ಲವೆಂಬುದನ್ನು ನಾವು ಮರೆಯುತ್ತೇವೆ. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ ಈ ಐದನ್ನು ಹದವರಿತು ಬೆರೆಸಿದರೆ ಮಾತ್ರ ಅದು ಪಂಚಾಮೃತವಾದೀತು. ಪಾಲಿಗೆ ಬಂದ ವಸ್ತು ತಾನೇ ತಾನಾಗಿ ಅಮೃತವಾಗದು, ಅದನ್ನು ಹಾಗೆ ಮಾಡುವ ಕೈಯೊಂದು ಬೇಕು ಎಂಬುದೇ ಈ ಗಾದೆಯ ಒಳ ಅರ್ಥವಿದ್ದೀತೆಂದು ನಾನು ಭಾವಿಸುತ್ತೇನೆ. ಕನ್ನಡ ಪಾಠ ಹೇಳುವವನಿಗೆ ಗಾದೆಗಳ ಅರ್ಥ ಹುಡುಕುವುದು ವೃತ್ತಿ ನಿಜ. ಆದರೆ ಈ ಅರ್ಥವನ್ನು ನನಗೆ ಕಲಿಸಿದ್ದು ಆರೇಳು ವರ್ಷಗಳಿಂದ ಪ್ರತಿ ಶನಿವಾರ ನಮ್ಮ ಮನೆಗೆ ಬರುತ್ತಿರುವ ಒಂದು ತರಕಾರಿಯ ಬುಟ್ಟಿ.

ಈ ಬುಟ್ಟಿಯ ವೃತ್ತಾಂತವನ್ನು ಮೊದಲು ಹೇಳಬೇಕು. ಮೈಸೂರಿನ ಹೊರಗೆ, ನಂಜನಗೂಡಿನ ಕಡೆಯ ಹಳ್ಳಿಯೊಂದರಲ್ಲಿ ಕೆಲವು ಮಂದಿ ಸಣ್ಣ ರೈತರು ಕೂಡಿ ತರಕಾರಿ ಬೆಳೆಯುತ್ತಾರೆ. ನಗರದ ಕೆಲವು ಮನೆಗಳವರು ಬಿತ್ತನೆಗೆ ಮೊದಲೇ ಆರು ತಿಂಗಳ ಹಣವನ್ನು ಅವರಿಗೆ ಕೊಟ್ಟುಬಿಡುತ್ತೇವೆ. ಬೀಜ, ಗೊಬ್ಬರ, ಕೂಲಿ ಇವುಗಳಿಗೆ ಹಣ ಬೇಕಾಗುವುದು ಬಿತ್ತುವಾಗ; ಕೈಗೆ ಬರುವುದು ಕೊಯ್ದ ಮೇಲೆ. ನಡುವಣ ಈ ಅಂತರವನ್ನು ದಾಟಲು ರೈತನು ಸಾಲಗಾರನ ಬಾಗಿಲಿಗೋ ಮಂಡಿಯ ದಲ್ಲಾಳಿಯ ಬಾಗಿಲಿಗೋ ಹೋಗಬೇಕಾದ ಕಷ್ಟ ಇದರಿಂದ ತಪ್ಪುತ್ತದೆ. ಪ್ರತಿಯಾಗಿ, ಆ ವಾರ ಹೊಲ ಏನು ಕೊಟ್ಟಿತೋ ಅದರಲ್ಲಿ ನಮಗೆ ಸಮಪಾಲು. ಚೆನ್ನಾಗಿ ಬೆಳೆದರೆ ಬುಟ್ಟಿ ತುಂಬಿ ಬರುತ್ತದೆ. ಹುಳು ಬಿದ್ದರೆ, ಮಳೆ ಕೈಕೊಟ್ಟರೆ, ಬುಟ್ಟಿಯೂ ಸೊರಗುತ್ತದೆ. ಲಾಭದಂತೆ ನಷ್ಟಕ್ಕೂ ನಾವು ಪಾಲುದಾರರು.

ವಿದ್ಯಾವಂತರು ಇದನ್ನು ‘ಸಮುದಾಯ ಬೆಂಬಲಿತ ಕೃಷಿ’ ಎನ್ನುತ್ತಾರೆ. ನಮ್ಮ ರೈತರು ‘ಪಾಲು’ ಎಂದಷ್ಟೇ ಹೇಳುತ್ತಾರೆ. ಜಪಾನಿನಲ್ಲಿ 1970ರ ದಶಕದಲ್ಲಿ, ವಿಷ ಬೆರೆತ ಆಹಾರಕ್ಕೆ ಅಂಜಿದ ಗೃಹಿಣಿಯರೂ ಬೇಸಾಯಗಾರರೂ ನೇರವಾಗಿ ಕೈಜೋಡಿಸಿ ‘ತೇಕೇ’ ಎಂಬ ಪದ್ಧತಿಯನ್ನು ಬೆಳೆಸಿದರು. ಸಹಯೋಗವೆಂದು ಆ ಮಾತಿನ ಅರ್ಥ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 1978ರಲ್ಲಿ ಇಂಥ ತೋಟವೊಂದು ಹುಟ್ಟಿತು. ಅಮೆರಿಕದಲ್ಲಿ 1986ರಲ್ಲಿ ಮೆಸಾಚುಸೆಟ್ಸ್ ಪ್ರಾಂತದ ಇಂಡಿಯನ್ ಲೈನ್ ಫಾರ್ಮ್, ನ್ಯೂ ಹ್ಯಾಂಪ್‌ಷೈರಿನ ಟೆಂಪಲ್-ವಿಲ್ಟನ್ ತೋಟ, ಇವೆರಡೂ ಹೆಚ್ಚುಕಡಿಮೆ ಏಕಕಾಲದಲ್ಲಿ ಈ ಕೆಲಸವನ್ನು ಆರಂಭಿಸಿದವು.

ಬೆಳೆಯಲ್ಲಿ ಪಾಲೆಂಬುದು ನಮಗೆ ಹೊಸತೇನಲ್ಲ. ಹಳೆಯ ಗ್ರಾಮವ್ಯವಸ್ಥೆಯಲ್ಲಿ ಕಮ್ಮಾರ, ಬಡಗಿ, ಕುಂಬಾರ, ಅಗಸ, ನೀರುಗಂಟಿ ಮೊದಲಾದ ಆಯಗಾರರಿಗೆ ಸಂಬಳವಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವರವರ ಆಯ ಅವರಿಗೆ ಸಲ್ಲುತ್ತಿತ್ತು. ರಾಶಿ ಸಣ್ಣದಾದ ವರ್ಷ ಆಯವೂ ಸಣ್ಣದಾಗುತ್ತಿತ್ತು. ಹಾಗೆಂದು ಆ ಪದ್ಧತಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಯಾರ ಪಾಲೆಷ್ಟು, ಯಾರು ಕಣದ ಅಂಚಿನಲ್ಲಿ ಕಾದು ನಿಲ್ಲಬೇಕು ಎಂಬುದನ್ನು ಅಲ್ಲಿ ಜಾತಿ ನಿರ್ಣಯಿಸುತ್ತಿತ್ತು. ಒಲ್ಲೆನೆನ್ನುವ ಸ್ವಾತಂತ್ರ್ಯ ಆಯಗಾರನಿಗೆ ಇರಲಿಲ್ಲ. ಈಗಿನ ಪಾಲುದಾರನು ಸ್ವೇಚ್ಛೆಯಿಂದ ಬಂದವನು, ಬೇಡವಾದರೆ ಮುಂದಿನ ಹಂಗಾಮಿಗೆ ಹೊರಗುಳಿಯಬಲ್ಲವನು. ಹೊಸ ಏರ್ಪಾಡಿನ ಹಿರಿಮೆ ಇರುವುದು ಈ ಸ್ವಾತಂತ್ರ್ಯದಲ್ಲಿ. ಅದರ ಅಪಾಯವೂ ಇಲ್ಲಿಯೇ ಉಂಟು.

ಪಾಲುದಾರರು ಬಿಟ್ಟುಹೋಗುವುದು ಏತಕ್ಕೆ? ಹಣದ ಅಡಚಣೆಯಿಂದ ಹೋಗುವವರುಂಟು, ಊರು ಬದಲಾಗಿ ಹೋಗುವವರುಂಟು. ಆದರೆ ನಾನು ಕಂಡಮಟ್ಟಿಗೆ ಬಹುಮಂದಿ ಹೋಗುವುದು ಮನೆಯಲ್ಲಿ ಕೊಳೆತ ಸೋರೆಕಾಯಿಯ ದೆಸೆಯಿಂದ. ಪೇಟೆಯ ತರಕಾರಿಗೆ ಒಗ್ಗಿದವರು ಮೊದಲು ಅಡುಗೆಯನ್ನು ನಿಶ್ಚಯಿಸಿ ಆಮೇಲೆ ಚೀಲ ಹಿಡಿದು ಹೊರಡುತ್ತಾರೆ. ಹುರುಳಿಕಾಯಿ, ಕ್ಯಾರೆಟ್ಟು, ಆಲೂಗಡ್ಡೆ, ಹೂಕೋಸು ಅಲ್ಲಿ ಚೈತ್ರವೆನ್ನದೆ ಪುಷ್ಯವೆನ್ನದೆ ದೊರೆಯುತ್ತವೆ. ಬುಟ್ಟಿಯ ಕ್ರಮ ಇದಕ್ಕೆ ವಿರುದ್ಧವಾದುದು. ತರಕಾರಿ ಮೊದಲು ಬಂದು ಕೂಡುತ್ತದೆ. ಅಡುಗೆಯನ್ನು ಅದಕ್ಕೆ ತಕ್ಕಂತೆ ಹುಡುಕಬೇಕು. ಮೊದಲ ವಾರದ ಸೋರೆಕಾಯಿಗೆ ಎಲ್ಲರೂ ಸಂತೋಷಪಡುತ್ತಾರೆ. ಮೂರನೆಯ ವಾರವೂ ಅದೇ ಬಂದಾಗ ಒಂದನ್ನು ನೆರೆಮನೆಗೆ ಕೊಡುತ್ತಾರೆ, ಇನ್ನೊಂದು ಮೂಲೆ ಸೇರುತ್ತದೆ. ಹಾಗೆ ಮೂಲೆ ಸೇರಿದ ತರಕಾರಿಯೊಡನೆ ರೈತನಿಗೆ ಕೊಟ್ಟ ಮಾತೂ ಬಾಡುತ್ತದೆ. ಒಪ್ಪಂದವಾಗುವುದು ಹೊಲದ ಬದುವಿನ ಮೇಲಾದರೂ ಅದು ಉಳಿಯುವುದೂ ಅಳಿಯುವುದೂ ಅಡುಗೆಮನೆಯಲ್ಲಿ.

ಸುದೈವದಿಂದ ನಮ್ಮ ಅಡುಗೆ ಇಂಥ ಬುಟ್ಟಿಗೆಂದೇ ಹುಟ್ಟಿದಂಥದು. ಅದರ ಹೆಸರುಗಳನ್ನೇ ವಾಚಕರು ಗಮನಿಸಬೇಕು. ಹುಳಿ, ಪಲ್ಯ, ಕೂಟು, ಗೊಜ್ಜು, ಮೊಸರುಬಜ್ಜಿ, ತಂಬುಳಿ—ಇವುಗಳಲ್ಲಿ ಯಾವುದೂ ಒಂದು ತರಕಾರಿಯನ್ನು ಹೆಸರಿಸುವುದಿಲ್ಲ. ಷಟ್ಪದಿಯಲ್ಲಿ ಯುದ್ಧವನ್ನೂ ಹೇಳಬಹುದು, ಭಕ್ತಿಯನ್ನೂ ಹೇಳಬಹುದಲ್ಲವೆ? ಹಾಗೆಯೇ ಹುಳಿಗೆ ಮೂಲಂಗಿಯೂ ಸಲ್ಲುತ್ತದೆ, ದಂಟೂ ಸಲ್ಲುತ್ತದೆ, ನವಿಲುಕೋಸೂ ಸಲ್ಲುತ್ತದೆ. ಚೌಕಟ್ಟು ಸ್ಥಿರ, ಒಳಗಣ ವಸ್ತು ಋತುವಿನದು. ವಿವೇಕ ಮಾತ್ರ ಅಡುಗೆಯವರದಾಗಿರಬೇಕು. ಸೋರೆ, ಪಡುವಲಗಳಂಥ ನೀರುಗಾಯಿಗೆ ಮೇಲೆ ನೀರು ಹೆಚ್ಚಾಗಬಾರದು. ಗಡ್ಡೆಯನ್ನು ಮೊದಲೂ ಎಳೆಯ ಸೊಪ್ಪನ್ನು ಕಡೆಯಲ್ಲೂ ಹಾಕಬೇಕು. ಹೀರೆಕಾಯಿಯ ತಿರುಳು ತೊವ್ವೆಗೆ ಹೋದರೆ ಹೆರೆದ ಸಿಪ್ಪೆಯನ್ನು ಹುರಿದು ಚಟ್ನಿಗೆ ಅರೆಯಬೇಕು. ಮೂಲಂಗಿಯ ಸೊಪ್ಪು, ಸೀಮೆಬದನೆಯ ಸಿಪ್ಪೆ, ಪಡುವಲದ ತಿರುಳು ಇವನ್ನೆಲ್ಲ ನಮ್ಮ ಹಿರಿಯ ಗೃಹಿಣಿಯರು ಕಸವೆಂದು ಎಣಿಸಿದವರಲ್ಲ.

ಆಷಾಢ, ಶ್ರಾವಣಗಳಲ್ಲಿ ನಮ್ಮ ಬುಟ್ಟಿಯ ತುಂಬ ಸೊಪ್ಪು. ಆಗ ನಮ್ಮ ತಾಯಿಯವರು ಮಾಡುವ ಬಸ್ಸಾರನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅವರ ತೌರು ಮಂಡ್ಯದ ಕಡೆ. ತೊಗರಿಬೇಳೆಯನ್ನೋ ಹೆಸರುಕಾಳನ್ನೋ ಕರಗದಂತೆ ಬೇಯಿಸಿ, ಹೆಚ್ಚಿದ ಸೊಪ್ಪನ್ನೂ ಉಪ್ಪನ್ನೂ ಸೇರಿಸಿ, ಬೆಂದ ಮೇಲೆ ಕಟ್ಟನ್ನು ಬೇರೆ ಪಾತ್ರೆಗೆ ಬಸಿಯುತ್ತಾರೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿತುರಿ, ಹುಣಸೆಹಣ್ಣು, ಸಾರಿನ ಪುಡಿ ಇವುಗಳ ಜೊತೆಗೆ ಬೆಂದ ಸೊಪ್ಪು-ಕಾಳಿನ ಒಂದು ಹಿಡಿಯನ್ನೂ ಹಾಕಿ ಅರೆದು ಆ ಕಟ್ಟಿನಲ್ಲಿ ಕುದಿಸಿದರೆ ಅದು ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಬೇಯುವಿಕೆಯಿಂದ ಎರಡು ವ್ಯಂಜನಗಳು. ನೀರು ಚೆಲ್ಲಲಿಲ್ಲ, ಸೌದೆ ಎರಡು ಬಾರಿ ಉರಿಯಲಿಲ್ಲ. ಬಿಸಿ ರಾಗಿಮುದ್ದೆಯೊಡನೆ ಇದನ್ನು ಉಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ದಂಟು, ಕೀರೆ, ಸಬ್ಬಸಿಗೆ, ಚಕ್ಕೋತ ಯಾವುದು ಬಂದರೂ ಬಸ್ಸಾರು ಬೇಡವೆನ್ನುವುದಿಲ್ಲ.

ಮಾರ್ಗಶಿರ, ಪುಷ್ಯಗಳಿಗೆ ಅವರೆಕಾಯಿ ಒಡತಿ. ನಮ್ಮ ನಾಟಿ ಅವರೆ ಹಗಲು ಕುಗ್ಗಿ ಇರುಳು ಬೆಳೆಯುವ ಕಾಲವನ್ನು ಅರಿತು ಹೂ ಬಿಡುವ ಗಿಡ. ಮುಂಗಾರಿನಲ್ಲಿ ರಾಗಿಯ ನಡುವೆ ಅಕ್ಕಡಿಯಾಗಿ ಬಿತ್ತಿದರೂ ಚಳಿಗಾಲದವರೆಗೆ ಕಾಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಕಟ್ಟನ್ನು ಬಿಡಿಸಿ ‘ಹೆಬ್ಬಾಳ ಅವರೆ’ ಎಂಬ ತಳಿಗಳನ್ನು ರೂಪಿಸಿದ್ದಾರೆ. ಅವು ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ರೈತನಿಗೆ ಇದರಿಂದ ಉಪಕಾರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಇಬ್ಬನಿಯಲ್ಲಿ ನೆನೆದ ಕಾಯಿಯ ಸೊಗಡಿಗಾಗಿ ಅವರೆಯ ರಸಿಕರು ಇಂದಿಗೂ ಪುಷ್ಯವನ್ನೇ ಕಾಯುತ್ತಾರೆ. ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಮನೆಮಂದಿಯೆಲ್ಲ ಸುತ್ತ ಕುಳಿತು ಹಿತುಕಿದ ಬೇಳೆಯ ಸಾರಿನ ರುಚಿಯಲ್ಲಿ ಹನ್ನೊಂದು ತಿಂಗಳ ಕಾಯುವಿಕೆಯೂ ಸೇರಿರುತ್ತದೆ. ಬೇಸಗೆಯಲ್ಲಿ ಬುಟ್ಟಿ ಹಗುರ. ಆಗ ಅಟ್ಟದಲ್ಲಿ ತಿಂಗಳುಗಟ್ಟಲೆ ಕೆಡದೆ ಕುಳಿತ ಬೂದುಗುಂಬಳವೂ ಸಿಹಿಗುಂಬಳವೂ ನೆರವಿಗೆ ಬರುತ್ತವೆ, ಮಾವಿನಕಾಯಿ ಹುಣಸೆಯ ಸ್ಥಾನವನ್ನು ಆಕ್ರಮಿಸುತ್ತದೆ. ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿಗಳನ್ನು ಒಣಗಿಸಿ ಇಡುವ ಕಾಲವೂ ಅದೇ.

ಇರುವ ಕಾಯಿಯಿಂದ ಅಡುಗೆಯ ಕಡೆಗೆ ನಡೆಯುವ ಈ ದಾರಿ ನಮ್ಮ ಸಾಹಿತ್ಯಕ್ಕೂ ಅಪರಿಚಿತವಲ್ಲ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಪಾಲನೆಯೂ ಇದೆ, ಸೂಪಶಾಸ್ತ್ರವೂ ಇದೆ; ಬೆಳೆಯುವ ವಿದ್ಯೆಯೂ ಬೇಯಿಸುವ ವಿದ್ಯೆಯೂ ಒಂದೇ ಗ್ರಂಥದ ಪುಟಗಳಲ್ಲಿ ನೆರೆಹೊರೆಯಾಗಿವೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದನು. ಬದನೆಕಾಯಿಯೊಂದಕ್ಕೇ ಅವನು ಹೇಳುವ ಪಾಕಗಳು ಹಲವಾರು. ಹಲಸು, ಬಾಳೆಗಳಿಗೂ ಅಂತೆಯೇ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳು ನಮ್ಮ ಅಡುಗೆಮನೆಯನ್ನು ಇನ್ನೂ ಹೊಕ್ಕಿರದ ಕಾಲ ಅದು. ಒಂದೇ ಕಾಯಿ ಹತ್ತು ದಿನ ಬಂದರೆ ಹತ್ತು ಬಗೆ ಮಾಡಬಲ್ಲ ಜಾಣ್ಮೆಯನ್ನು ಕವಿ ಕಾವ್ಯಕ್ಕೆ ಯೋಗ್ಯವೆಂದು ಎಣಿಸಿದನು. ನಾವು ಅದನ್ನು ಬಡತನದ ಲಕ್ಷಣವೆಂದು ಎಣಿಸುವುದು ಸರಿಯೆ?

ಈ ಜಾಣ್ಮೆಯ ಬೆಲೆ ನನಗೆ ಚೆನ್ನಾಗಿ ತಿಳಿದದ್ದು 2023ರಲ್ಲಿ. ಭಾರತದಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ತಿಂಗಳು ಇನ್ನೊಂದಿರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ನಮ್ಮ ಬುಟ್ಟಿ ವಾರವಾರಕ್ಕೆ ಸೊರಗಿತು. ಕಾಯಿಪಲ್ಯ ನಿಂತುಹೋಗಿ, ಕೊಳವೆಬಾವಿಯ ನೀರು ಹಾಯುವ ಒಂದಿಷ್ಟು ಪಾತಿಯಿಂದ ಕಿತ್ತ ಸೊಪ್ಪು ಮಾತ್ರ ಬರತೊಡಗಿತು. ಒಂದು ಶನಿವಾರ ಬುಟ್ಟಿ ತಂದ ರೈತ ಬಾಗಿಲಲ್ಲೇ ನಿಂತು, “ಈ ವಾರ ಬೇರೇನೂ ಇಲ್ಲ ಮೇಷ್ಟ್ರೇ, ಕಳೆ ಜೊತೇಲಿ ಬಂದ ಸೊಪ್ಪೇ ಎಲ್ಲಾ” ಎಂದು ಸಂಕೋಚದಿಂದ ಹೇಳಿದ. ನಮ್ಮ ತಾಯಿಯವರು ಬುಟ್ಟಿಗೆ ಕೈ ಹಾಕಿ ನೋಡಿದರು: ಅಣ್ಣೆ, ಗೋಣಿ, ಗಣಿಕೆ, ನಡುವೆ ನಾಲ್ಕು ಎಸಳು ಹೊನಗೊನೆ. “ಇದನ್ನ ಕಳೆ ಅಂದೋರು ಯಾರಪ್ಪಾ? ಬೆರಕೆ ಸೊಪ್ಪು ಇದು. ದುಡ್ಡು ಕೊಟ್ಟರೂ ಪೇಟೇಲಿ ಸಿಗಲ್ಲ. ಮುಂದಿನ ವಾರಾನೂ ತಗೊಂಬಾ” ಎಂದರು. ಅಂದು ರಾತ್ರಿ ಮಸ್ಸೊಪ್ಪಾಯಿತು.

ಎಲ್ಲ ಮನೆಗಳಲ್ಲಿಯೂ ಹೀಗಾಗಲಿಲ್ಲ. ಕೊಟ್ಟ ಹಣಕ್ಕೆ ತಕ್ಕ ತರಕಾರಿ ಬರಲಿಲ್ಲವೆಂದು ಹಲವು ಮನೆಯವರು ಹಂಗಾಮು ಮುಗಿಯುತ್ತಲೇ ಬಿಟ್ಟರು. ಅವರನ್ನು ದೂರುವುದು ಉಚಿತವಲ್ಲ. ಬೆಲೆ ಏರಿದ ವರ್ಷದಲ್ಲಿ ಅವರು ಎರಡನೆಯ ಸಲ ಪೇಟೆಯಿಂದ ಕೊಳ್ಳಬೇಕಾಯಿತು. ಆದರೆ ಅವರು ಬಿಟ್ಟದ್ದರ ಫಲವನ್ನು ಅನುಭವಿಸಿದವರು ರೈತರು. ಗುಂಪಿನ ಅತ್ಯಂತ ಕಿರಿಯ ರೈತ ಜಮೀನನ್ನು ಬೀಳುಬಿಟ್ಟು ಬೆಂಗಳೂರಿಗೆ ಕಾವಲುಗಾರನ ಕೆಲಸಕ್ಕೆ ಹೋದ, ಇನ್ನೂ ಹಿಂದಿರುಗಿಲ್ಲ. ಉಳಿದವರು ನಿಂತದ್ದು, ಬೆರಕೆ ಸೊಪ್ಪನ್ನು ಉಣ್ಣಬಲ್ಲ ಮನೆಗಳು ಪಾಲನ್ನು ಬಿಡದೆ ಉಳಿಸಿಕೊಂಡದ್ದರಿಂದ. ಬರದ ವರ್ಷದಲ್ಲಿ ಒಬ್ಬ ರೈತನ ಹೊಲ ಉಳಿಯುವುದಕ್ಕೂ ನಗರದ ಒಂದು ಅಡುಗೆಮನೆಯಲ್ಲಿ ಮಸ್ಸೊಪ್ಪು ಮಾಡಲು ಬರುವುದಕ್ಕೂ ಸಂಬಂಧವುಂಟೆಂದು ಅದಕ್ಕೆ ಮುಂಚೆ ಯಾರಾದರೂ ಹೇಳಿದ್ದರೆ ನಾನು ಅದನ್ನು ಅತಿಶಯೋಕ್ತಿಯೆಂದೇ ಭಾವಿಸುತ್ತಿದ್ದೆನೇನೋ.

ಈ ಏರ್ಪಾಡು ಎಲ್ಲರಿಗೂ ಒದಗುವಂಥದಲ್ಲವೆಂಬುದನ್ನೂ ಹೇಳಬೇಕು. ಅಂದಂದಿನ ಕೂಲಿಯಿಂದ ಅಂದಂದು ಉಣ್ಣುವ ಸಂಸಾರವು ಆರು ತಿಂಗಳ ಹಣವನ್ನು ಮುಂಗಡವಾಗಿ ಎಲ್ಲಿಂದ ತಂದೀತು? ಇನ್ನೊಂದು ಮಾತು ಮನೆಯ ಒಳಗಿನದು. ಸಾಮಾನ್ಯವಾಗಿ ಪಾಲಿಗೆ ಹಣ ಕೊಡುವವನು ಗಂಡಸು. ರೈತನ ಏಳಿಗೆಯ ವಿಚಾರವಾಗಿ ಜಗಲಿಯ ಮೇಲೆ ಮಾತನಾಡುವವನೂ ಅವನೇ. ಆದರೆ ಮಣ್ಣು ಹತ್ತಿದ ಸೊಪ್ಪನ್ನು ಬಿಡಿಸಿ, ಮೂರು ನೀರಿನಲ್ಲಿ ತೊಳೆದು, ಹೆಚ್ಚುವ ಕೆಲಸ ಹೆಂಗಸರ ಪಾಲಿಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಇಬ್ಬರೂ ದುಡಿಯುವವರು. ಶನಿವಾರ ಸಂಜೆ ಮಕ್ಕಳೂ ಸೇರಿದಂತೆ ಎಲ್ಲರೂ ನಡುಮನೆಯಲ್ಲಿ ಮೊರ ಹಿಡಿದು ಕೂಡುವುದೆಂದು ನಿಯಮ ಮಾಡಿಕೊಂಡಿದ್ದೇವೆ. ಒಂದು ಗಂಟೆಯ ಕೆಲಸ. ಅದಾಗದಿದ್ದರೆ ಆ ವಾರದ ಬುಟ್ಟಿ ಒಬ್ಬರ ಬೆನ್ನಿನ ಮೇಲಣ ಹೊರೆಯಾಗುತ್ತದೆ. ಅಂಥ ಬುಟ್ಟಿ ಬಹಳ ದಿನ ಬಾಳುವುದಿಲ್ಲ.

ಆದಕಾರಣ, ಮುಂದಿನ ಹಂಗಾಮಿಗೆ ಪಾಲು ಹಾಕಬೇಕೆಂದಿರುವ ಗೆಳೆಯರು ನನ್ನನ್ನು ಕೇಳಿದಾಗ ನಾನು ತರಕಾರಿಯ ಬೆಲೆಯನ್ನಾಗಲಿ ಗೊಬ್ಬರದ ಗುಣವನ್ನಾಗಲಿ ಮೊದಲು ಪ್ರಸ್ತಾಪಿಸುವುದಿಲ್ಲ. ಎರಡು ಪ್ರಶ್ನೆಗಳನ್ನು ಕೇಳುತ್ತೇನೆ. ನಾಲ್ಕು ವಾರ ಬರಿಯ ಸೊಪ್ಪೇ ಬಂದರೆ ಏನು ಮಾಡುವಿರಿ? ಅದನ್ನು ಬಿಡಿಸುವುದಕ್ಕೆ ಮನೆಯಲ್ಲಿ ಯಾರು ಯಾರು ಕೂಡುವಿರಿ? ಈ ಎರಡಕ್ಕೂ ಮನೆಯವರೆಲ್ಲ ಕೂಡಿ ಉತ್ತರ ಹೇಳಬಲ್ಲರಾದರೆ, ಧಾರಾಳವಾಗಿ ಹಣ ಕೊಡಿರೆನ್ನುತ್ತೇನೆ.