ಆಲೂಗಡ್ಡೆ ಹಾಸನದ ಸ್ವತ್ತಲ್ಲ

"ಆಲೂಗಡ್ಡೆ ಅಂದ್ರೆ ಹಾಸನ. ನಮ್ಮ ನೆಲಕ್ಕೆ ಅದು ಬರಲ್ಲ." ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿರಲಿ, ನಾಗಮಂಗಲದ ಕೆಂಪು ಗರಸು ನೆಲವಿರಲಿ, ಹಿತ್ತಿಲಲ್ಲಿ ನಾಲ್ಕು ಸಾಲು ಆಲೂ ಹಾಕುವ ಮಾತೆತ್ತಿದರೆ ಬರುವ ಉತ್ತರ ಇದೇ. ಆದರೆ ಕೆ.ಆರ್.ಪೇಟೆಯ ಗಡಿ ದಾಟಿದರೆ ಸಿಗುವ ಚನ್ನರಾಯಪಟ್ಟಣ ಹಾಸನ ಜಿಲ್ಲೆಯದೇ. ಗಡಿಯ ಆಚೆಗೂ ಈಚೆಗೂ ಮಣ್ಣು ಬೇರೆಯಾಗಿಬಿಡುವುದಿಲ್ಲ.

ಗಡ್ಡೆ ಕಟ್ಟುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ರಾತ್ರಿಯ ತಂಪು. ಇರುಳಿನ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಗಿಡ ಎಲೆಯಲ್ಲಿ ಮಾಡಿಕೊಂಡ ಪಿಷ್ಟವನ್ನು ಗಡ್ಡೆಗೆ ಇಳಿಸುತ್ತದೆ. ಸೆಕೆ ಏರಿದಷ್ಟೂ ಸೊಪ್ಪು ಹುಲುಸಾಗುತ್ತದೆ, ಬುಡ ಬರಿದಾಗುತ್ತದೆ. ಹಾಸನ ನಮಗಿಂತ ಎತ್ತರದ ತಂಪು ಸೀಮೆ, ಅಲ್ಲಿನವರು ಮುಂಗಾರಿಗೇ ಬಿತ್ತುತ್ತಾರೆ. ಅವರನ್ನು ನೋಡಿ ನಾವೂ ರೋಹಿಣಿ ಮಳೆಗೆ ಹಾಕಿದರೆ ಕೈ ಸುಟ್ಟುಕೊಳ್ಳುವ ಸಂಭವವೇ ಹೆಚ್ಚು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಒಪ್ಪುವುದು ಸ್ವಾತಿ ಮಳೆ ಹಿಂದಾದ ಮೇಲೆ, ನವೆಂಬರ್ ಮೊದಲ ವಾರಗಳಲ್ಲಿ ಹಾಕಿ ಫೆಬ್ರವರಿಯಲ್ಲಿ ಕೀಳುವ ಬೆಳೆ. ಆಗ ಮಳೆ ನಂಬುವಂತಿಲ್ಲ, ನೀರು ಕೈಯಲ್ಲಿರಬೇಕು.

ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತದ್ದನ್ನೇ ಹೂತರೆ ಸಾಕೆಂಬುದು ಇನ್ನೊಂದು ನಂಬಿಕೆ. ಗಿಡವೇನೋ ಬರುತ್ತದೆ, ಜೊತೆಗೆ ನಂಜುರೋಗವೂ ಬರಬಹುದು. ಸಸ್ಯಹೇನುಗಳು ಗಿಡದಿಂದ ಗಿಡಕ್ಕೆ ಹರಡುವ ವೈರಸ್ ಗಡ್ಡೆಯೊಳಗೇ ಉಳಿದು, ತಲೆಮಾರಿನಿಂದ ತಲೆಮಾರಿಗೆ ಇಳುವರಿ ಇಳಿಸುತ್ತದೆ. ಹಾಸನದ ರೈತರು ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಗಡ್ಡೆಗೆ ದುಡ್ಡು ಸುರಿಯುವುದು ಸುಮ್ಮನೆ ಅಲ್ಲ. ಹೇನು ಕಡಿಮೆಯಿರುವ ಚಳಿಗಾಲದ ಮೊದಲ ಭಾಗದಲ್ಲೇ ಅಲ್ಲಿ ಬೀಜದ ಬೆಳೆ ಬೆಳೆದು ಮುಗಿಸುತ್ತಾರೆ. ದೊಡ್ಡ ಗಡ್ಡೆಯನ್ನು ಕತ್ತರಿಸಿ ಹಾಕುವುದಾದರೆ ತುಂಡು 40 ಗ್ರಾಂ ಆಸುಪಾಸು ಇರಲಿ, ಎರಡು ಮೂರು ಕಣ್ಣಿರಲಿ. ಕುಯ್ದ ಮುಖ ಒಣಗುವವರೆಗೆ ನೆರಳಿನಲ್ಲಿ ಹರವಿಡಿ. ಹಸಿ ತುಂಡನ್ನೇ ತೇವದ ಮಣ್ಣಿಗಿಟ್ಟರೆ ಕೊಳೆಯುತ್ತದೆ.

ಹಿತ್ತಿಲ ಬೆಳೆಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಆಲೂಗಡ್ಡೆ ಒಂದು ಬೇರು ಎಂಬ ಗ್ರಹಿಕೆ. ಮೂಲಂಗಿ, ಗೆಣಸು ಬೇರುಗಳು, ಆಲೂ ಕಾಂಡ. ಬಿತ್ತಿ ನಲವತ್ತು ದಿನದ ಹೊತ್ತಿಗೆ ಒಂದು ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ. ಕವಲೊಡೆದ ಸಣ್ಣ ಬೇರುಗಳ ನಡುವೆ, ನಾವಿಟ್ಟ ತುಂಡಿನಿಂದ ಮೇಲೆ, ಕಾಂಡದಿಂದ ಅಡ್ಡಕ್ಕೆ ಹೊರಟ ದಪ್ಪನೆಯ ಬಿಳಿ ಬಳ್ಳಿಗಳು ಕಾಣುತ್ತವೆ. ಅವುಗಳ ತುದಿ ಬಾಗಿ, ಅವರೆಕಾಳಿನಂತೆ ಉಬ್ಬಿರುತ್ತದೆ. ಅದೇ ಗಡ್ಡೆ. ಅದು ಹುಟ್ಟುವುದು ಬಿತ್ತಿದ ತುಂಡಿನ ಮೇಲ್ಭಾಗದಲ್ಲಾದ್ದರಿಂದ ಆಳಕ್ಕೆ ಹೂಳುವುದಕ್ಕಿಂತ ಮೇಲೆ ಮಣ್ಣೇರಿಸುವುದು ಮುಖ್ಯ. ಗಿಡ ಒಂದು ಗೇಣು ಬೆಳೆದಾಗ ಒಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ. ಏರಿಸದಿದ್ದರೆ ಎಷ್ಟೋ ಬಳ್ಳಿಗಳು ಬೆಳಕಿಗೆ ಬಂದು ಎಲೆ ಬಿಡುತ್ತವೆ, ಹೊರಬಿದ್ದ ಗಡ್ಡೆ ಹಸಿರಾಗುತ್ತದೆ.

ಹಸಿರಾದದ್ದನ್ನು "ಇನ್ನೂ ಎಳಸು, ಬೇಯಿಸಿದರೆ ಸರಿಹೋಗುತ್ತದೆ" ಎನ್ನುವವರಿದ್ದಾರೆ. ಇದು ಅಪಾಯದ ಮಾತು. ಹಸಿರು ಬಣ್ಣ ಪತ್ರಹರಿತ್ತಿನದು, ಅದರಿಂದ ಕೇಡಿಲ್ಲ. ಆದರೆ ಅದೇ ಬೆಳಕಿಗೆ ಸೊಲನಿನ್ ಎಂಬ ವಿಷವೂ ಹೆಚ್ಚುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ತುಸು ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ, ತುಂಬ ಹಸಿರಾಗಿ ಕಹಿಯಾದದ್ದನ್ನು ಎಸೆಯಿರಿ. ಗಿಡದ ಮೇಲೆ ಬಿಡುವ ಪುಟ್ಟ ಟೊಮೆಟೊದಂಥ ಕಾಯಿಯಂತೂ ವಿಷ, ಮಕ್ಕಳ ಕೈಗೆ ಸಿಗದಿರಲಿ. ಹೂ ಬಿಡದಿದ್ದರೆ ಗಡ್ಡೆಯೇ ಇಲ್ಲ ಎಂಬ ಭಯವೂ ಬೇಡ, ಎರಡಕ್ಕೂ ನಂಟಿಲ್ಲ.

ಇಬ್ಬನಿ ಎಲೆಯನ್ನು ಸುಡುತ್ತದೆಂದು ಹಿರಿಯರು ಹೇಳುತ್ತಾರೆ. ಅವರು ಕಂಡದ್ದು ನಿಜ, ಕಾರಣ ಮಾತ್ರ ಬೇರೆ. ತೇವ ಮತ್ತು ತಂಪು ಕೂಡಿದಾಗ ಹಬ್ಬುವುದು ಅಂಗಮಾರಿ. 1845ರಿಂದ ಐರ್ಲೆಂಡಿನ ಜನರನ್ನು ಹಸಿವಿಗೆ ದೂಡಿದ್ದು ಇದೇ ರೋಗ. ಬೆಳಿಗ್ಗೆ ಕಪ್ಪು ಮಚ್ಚೆಯ ಎಲೆಯನ್ನು ತಿರುವಿದರೆ ಅಡಿಯಲ್ಲಿ ಬಿಳಿ ಬೂಷ್ಟು ಕಾಣುತ್ತದೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿಗೆ ಮೊದಲು ಈ ರೋಗವನ್ನು ತಡೆವ ಶಕ್ತಿಯಿತ್ತು, ಈಗ ಅದೂ ಸೋಲುತ್ತಿದೆ. ಸಂಜೆ ಎಲೆಯ ಮೇಲೆ ನೀರು ಚಿಮುಕಿಸಬೇಡಿ, ಬೆಳಿಗ್ಗೆ ಬುಡಕ್ಕೆ ಹಾಯಿಸಿ. ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ಮಡಿಗೆ ಆಲೂ ತರಬೇಡಿ. ಒಂದೇ ಕುಲದವಾದ್ದರಿಂದ ಸೊರಗು ರೋಗ ಮಣ್ಣಿನಲ್ಲಿ ಕಾದಿರುತ್ತದೆ. ರಾಗಿ ಕೊಯ್ದ ಜಾಗ ಒಳ್ಳೆಯದು. ಮಣ್ಣು ಪರೀಕ್ಷೆಗೆ ಮಂಡ್ಯದ ವಿ.ಸಿ. ಫಾರಂ ಹತ್ತಿರದಲ್ಲೇ ಇದೆ.

ಎಲೆ ಹಳದಿಯಾದೊಡನೆ ಕಿತ್ತು, ತೊಳೆದು, ಮೂಟೆ ಕಟ್ಟುವುದೂ ತಪ್ಪೇ. ಮೊದಲು ನೀರು ನಿಲ್ಲಿಸಿ, ಬಳ್ಳಿಯನ್ನು ಬುಡಕ್ಕೆ ಕುಯ್ದು, ಹತ್ತು ಹನ್ನೆರಡು ದಿನ ಗಡ್ಡೆಯನ್ನು ಮಣ್ಣಲ್ಲೇ ಬಿಡಿ. ಆಮೇಲೆ ಒಂದನ್ನು ತೆಗೆದು ಹೆಬ್ಬೆರಳಿನಿಂದ ಉಜ್ಜಿ. ಸಿಪ್ಪೆ ಸುಲಿದರೆ ಇನ್ನೂ ಕಾಯಬೇಕು, ಸುಲಿಯದಿದ್ದರೆ ಕೀಳಬಹುದು. ತೊಳೆಯದೆ, ಮಣ್ಣು ಉದುರಿಸಿ, ಕತ್ತಲ ಮೂಲೆಯಲ್ಲಿ ತೆಳುವಾಗಿ ಹರವಿ. ನಮ್ಮ ಬೇಸಿಗೆಯಲ್ಲಿ ಗಡ್ಡೆ ಪತಂಗ ಬಂದು ಕಣ್ಣುಗಳ ಬಳಿ ಮೊಟ್ಟೆಯಿಡುತ್ತದೆ. ಕೆಳಗೂ ಮೇಲೂ ಒಣಗಿದ ಲಂಟಾನ ಸೊಪ್ಪು ಹಾಸಿದರೆ ಅದರ ಕಾಟ ತಗ್ಗುತ್ತದೆ. ನಾಗಮಂಗಲದ ಕುರುಚಲು ಗುಡ್ಡಗಳಲ್ಲಿ ಲಂಟಾನಕ್ಕೇನೂ ಬರವಿಲ್ಲ.